ಒಂದೇ ಕಣ್ಣಿಗೆ ಕಂಡ ಬೆಟ್ಟ

ಐ.ಡಿ.ಹಳ್ಳಿಯ ನೀರುಗಂಟಿ ಗಂಗಯ್ಯನ ಮಗ ಅಂಜನ್ ಕುಮಾರ್ ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ, ಅವನ ಕೈಗೆ ಸಿಕ್ಕ ಕಾಲನ್ನು ಬಿಡಿಸಿಕೊಂಡು ಗೆರೆ ದಾಟಿದವರು ಕಡಿಮೆ. ಅಂಕಣದ ಎಡಮೂಲೆ ಅವನ ಜಾಗ. ಅಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯುತ್ತಾ ತೂಕಡಿಸುವವನ ಹಾಗೆ ನಿಂತಿರುತ್ತಿದ್ದ. ಎದುರು ತಂಡದ ರೈಡರ್ ಅವನನ್ನು ಲೆಕ್ಕಕ್ಕಿಡದೆ ಒಂದು ಕಾಲು ಒಳಗೆ ಚಾಚಿದನೋ, ಮುಗಿಯಿತು. ಅಂಜನ್ ನೆಲದ ಮೇಲಿರುತ್ತಿದ್ದ, ಆ ಕಾಲಿನ ಹರಡು ಅವನ ಎರಡು ಅಂಗೈಗಳ ನಡುವೆ ಇರುತ್ತಿತ್ತು.

ಮಧುಗಿರಿಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಓಬಳಯ್ಯನವರು ಇವನನ್ನು ಮೊದಲು ಗುರುತಿಸಿದವರು. ಅವರ ಕೈಯಲ್ಲಿ ಪಳಗಿ ಜಿಲ್ಲೆಗೆ ಆಡಿದ, ರಾಜ್ಯಕ್ಕೆ ಆಡಿದ. ಆಮೇಲೆ ಟೀವಿಯಲ್ಲಿ ಬರುವ ದೊಡ್ಡ ಲೀಗಿನ ಹರಾಜಿನಲ್ಲಿ ಒಂದು ತಂಡ ಅವನನ್ನು ಕೊಂಡುಕೊಂಡಿತು. ಹೊಲದ ಮಣ್ಣಿನಲ್ಲಿ ಮೊಣಕೈ ಕೆತ್ತಿಸಿಕೊಳ್ಳುತ್ತಿದ್ದವನು ರಬ್ಬರ್ ಮ್ಯಾಟಿನ ಮೇಲೆ, ಬಣ್ಣದ ದೀಪಗಳ ಕೆಳಗೆ ಆಡತೊಡಗಿದ. ಅವನ ಆಟವಿದ್ದ ದಿನ ಊರಿನಲ್ಲಿ ಪಂಚಾಯ್ತಿ ಕಟ್ಟಡದ ಮುಂದೆ ಬಿಳಿ ಪರದೆ ಕಟ್ಟುತ್ತಿದ್ದರು. ಗಂಗಯ್ಯ ಆವತ್ತು ಬೇಗನೆ ವಾಲ್ವ್ ತಿರುಗಿಸಿ ಎಲ್ಲ ಬೀದಿಗೂ ನೀರು ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದ. ಮಗ ಹಿಡಿದಾಗ ಜನ ಕೇಕೆ ಹಾಕಿದರೂ ಅವನು ಮಾತ್ರ ಕೈಕಟ್ಟಿಕೊಂಡು ಸುಮ್ಮನಿರುತ್ತಿದ್ದ.

ಆ ತಂಡದಲ್ಲಿ ಹರಿಯಾಣದವರು, ತಮಿಳುನಾಡಿನವರು ಹೆಚ್ಚು. ಕನ್ನಡ ಬರುತ್ತಿದ್ದವನು ಶಿರಾದ ಮಲ್ಲೇಶ್ ಒಬ್ಬನೇ. ಅಂಜನ್‌ನ ಪಕ್ಕದಲ್ಲಿ ನಿಂತು ಅವನಿಗೆ ಬೆಂಬಲ ಕೊಡುವುದು ಮಲ್ಲೇಶನ ಕೆಲಸ. ಅಂಜನ್ ಕಾಲು ಹಿಡಿದರೆ ಮಲ್ಲೇಶ್ ಮೇಲೆ ಬಿದ್ದು ರೈಡರನ್ನು ಒತ್ತುತ್ತಿದ್ದ. ಇಬ್ಬರೂ ಹೋಟೆಲಿನಲ್ಲಿ ಒಂದೇ ಕೋಣೆಯಲ್ಲಿರುತ್ತಿದ್ದರು. ರೊಟ್ಟಿ ಪನೀರು ತಿಂದು ಬೇಸತ್ತಾಗ, ಮುದ್ದೆ ಎಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಪರ ಊರಿನಲ್ಲಿ ಆಟೋದಲ್ಲಿ ಅಲೆದವರು.

ಎರಡನೆಯ ವರ್ಷದ ಲೀಗಿನಲ್ಲಿ, ಅಭ್ಯಾಸದ ಒಂದು ಬೆಳಿಗ್ಗೆ ಆದದ್ದು ಇದು. ಅಂಜನ್ ಕಾಲಿಗೆ ಬಿದ್ದ, ಮಲ್ಲೇಶ್ ಎಂದಿನಂತೆ ನುಗ್ಗಿದ. ಒಂದು ಗಳಿಗೆ ತಡವಾಯಿತೋ, ಮುಂಚೆಯಾಯಿತೋ, ಮಲ್ಲೇಶನ ಮೊಣಕಾಲು ಅಂಜನ್‌ನ ಬಲಗಣ್ಣಿಗೆ ಬಡಿಯಿತು. ಕಣ್ಣು ಊದಿತು, ಮಂಜುಗಡ್ಡೆ ಇಟ್ಟರು, ನಾಲ್ಕು ದಿನಕ್ಕೆ ಊತ ಇಳಿಯಿತು. ಇಂಥ ಪೆಟ್ಟು ಕಬಡ್ಡಿಯವರಿಗೆ ಹೊಸದಲ್ಲ. ಆದರೆ ಆಮೇಲೆ ಅಂಜನ್‌ಗೆ ಕಣ್ಣೆದುರು ಸೊಳ್ಳೆಗಳ ಹಾಗೆ ಕಪ್ಪು ಚುಕ್ಕೆಗಳು ಹಾರಾಡತೊಡಗಿದವು. ಕತ್ತಲಲ್ಲಿ ಕಣ್ಣು ಹೊರಳಿಸಿದರೆ ಮಿಂಚು ಹೊಡೆದಂತಾಗುತ್ತಿತ್ತು. ಒಂದು ದಿನ ಬಲಗಣ್ಣಿನ ಅಂಚಿಗೆ ಕಪ್ಪು ಪರದೆಯೊಂದು ಬಂದು ನಿಂತಿತು.

ಮಲ್ಲೇಶನಿಗೆ ಮಾತ್ರ ಹೇಳಿದ.

"ಡಾಕ್ಟ್ರಿಗೆ ತೋರ್ಸಣ ನಡಿಲಾ," ಎಂದ ಮಲ್ಲೇಶ್.

"ತೋರ್ಸಿದ್ರೆ ಕೂರುಸ್ಬುಡ್ತಾರೆ ಕಣ್ಲಾ. ಸೆಮಿಫೈನಲ್ ಹತ್ರ ಬಂದೈತೆ. ಮುಗೀಲಿ, ಆಮೇಲೆ ತೋರ್ಸ್ತೀನಿ."

"ಕಣ್ಣಿನ್ ವಿಷ್ಯ ಅದು. ಕೈಕಾಲಲ್ಲ. ನಾನೇ ಹೇಳ್ತೀನಿ ಕೋಚ್‌ಗೆ."

"ಹೇಳ್ಬುಟ್ರೆ ನಿನ್ನ ಮುಖ ನೋಡಾಕಿಲ್ಲ. ನಮ್ಮವ್ವನ್ ಮೇಲೆ ಆಣೆ ಇಡು, ಹೇಳಾಕಿಲ್ಲ ಅಂತ."

ಮಲ್ಲೇಶ್ ಆಣೆ ಇಟ್ಟ. ಅಂಜನ್ ಆಡಿದ. ಮುಂದಿನ ಆಟಗಳಲ್ಲಿ ಅಭ್ಯಾಸಬಲದಿಂದಲೇ ಹಿಡಿದ. ಪರದೆ ದಿನದಿನಕ್ಕೂ ಅಗಲವಾಗಿ ನಡುವಿಗೆ ಸರಿಯುತ್ತಿತ್ತು. ಸೆಮಿಫೈನಲ್‌ನ ಕೊನೆಯ ಹೊತ್ತಿನಲ್ಲಿ ಎದುರಿನ ರೈಡರ್ ಬಲಗಾಲು ಚಾಚಿದ. ಅಂಜನ್ ಎರಗಿದ. ಅವನ ಅಂಗೈಗಳು ಒಂದಕ್ಕೊಂದು ತಗುಲಿದವು. ಕಾಲು ಅವನು ಕಂಡ ಜಾಗದಲ್ಲಿರಲಿಲ್ಲ, ಒಂದು ಗೇಣು ಆಚೆಗಿತ್ತು. ಬರಿಗೈಯಲ್ಲಿ ಬೋರಲು ಬಿದ್ದವನ ಬೆನ್ನಿನ ಮೇಲಿಂದ ಹಾರಿಕೊಂಡು ಆ ರೈಡರ್ ಗೆರೆ ಮುಟ್ಟಿದ. ತಂಡ ಸೋತಿತು.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ಕಣ್ಣಿನ ಒಳಪದರ ಕಳಚಿಕೊಂಡಿದೆ, ಪೆಟ್ಟು ಬಿದ್ದ ವಾರದಲ್ಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಬಾಗಿಲ ಬಳಿಯೇ ನಿಂತಿದ್ದ ಮಲ್ಲೇಶ್ ಆ ಮಾತು ಕೇಳಿಸಿಕೊಂಡು ಗೋಡೆಗೆ ಹಣೆ ಒತ್ತಿ ಅತ್ತ. ಅಂಜನ್ ಅವನ ಕಡೆ ತಿರುಗಲೂ ಇಲ್ಲ. ಅನಂತರ ಒಮ್ಮೆ ಮಲ್ಲೇಶ್ ಹಣ್ಣು ಹಿಡಿದುಕೊಂಡು ಐ.ಡಿ.ಹಳ್ಳಿಗೆ ಬಂದ. ಅಂಜನ್ ಒಳಮನೆಯಲ್ಲಿ ಮಲಗಿದವನು ಏಳಲಿಲ್ಲ. ತಾಯಿ ಪಟಾಲಮ್ಮ ಎರಡು ಸಲ ಕರೆದಳು. ಮಲ್ಲೇಶ್ ನಡುಮನೆಯಲ್ಲಿ ಕೂತು, ಕಾಫಿ ಕುಡಿದು, ಹೋದ. ಮತ್ತೆ ಬರಲಿಲ್ಲ.

ಬಲಗಣ್ಣು ಪೂರ್ತಿ ಕತ್ತಲಾದ ಮೇಲೆ ಅಂಜನ್‌ಗೆ ಲೋಕ ಬೇರೆಯಾಯಿತು. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ ನೆಲಕ್ಕೆ ಬೀಳುತ್ತಿತ್ತು. ಬಸ್ಸಿಂದ ಇಳಿಯುವಾಗ ರಸ್ತೆ ಇನ್ನೂ ಕೆಳಗಿದೆಯೋ, ಬಂದೇಬಿಟ್ಟಿತೋ ತಿಳಿಯುತ್ತಿರಲಿಲ್ಲ. ಹತ್ತಿರದ ಹುಣಸೆಮರ, ಅದರ ಹಿಂದಿನ ಹೊಲ, ಹೊಲದಾಚೆಯ ಗುಡ್ಡ, ಎಲ್ಲವೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತಿದ್ದವು. ಕಾಲು ಹಿಡಿಯುವ ವಿದ್ಯೆಯೆಲ್ಲ ದೂರ ಹತ್ತಿರ ಅಳೆಯುವುದರಲ್ಲೇ ಇತ್ತೆಂಬುದು ಅವನಿಗೆ ಆಗ ಗೊತ್ತಾಯಿತು. ಆಟಗಾರರ ಕೋಟಾದಲ್ಲಿ ಸಿಗಬೇಕಾಗಿದ್ದ ಪೊಲೀಸ್ ಕೆಲಸ ಕಣ್ಣಿನ ಪರೀಕ್ಷೆಯಲ್ಲಿ ತಪ್ಪಿತು. ವರ್ಷದ ಮೇಲೆ ಅವನು ಮನೆಯಲ್ಲೇ ಇದ್ದ. ಗಂಗಯ್ಯ ಏನೂ ಕೇಳಲಿಲ್ಲ. ಬೆಳಿಗ್ಗೆ ವಾಲ್ವ್ ತಿರುಗಿಸಲು ಹೋಗುತ್ತಿದ್ದ, ಬರುತ್ತಿದ್ದ, ಮಗನ ಮುಖ ಒಂದು ಸಲ ನೋಡಿ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

ಅಕ್ಕ ಗಂಗಾಂಬಿಕಾ ಕೊರಟಗೆರೆಯ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಆ ಶಾಲೆಯ ಗೋಡೆಗಳಿಗೆ ಚಿತ್ರ ಬರೆಯಲು ಪಾವಗಡದಿಂದ ನಾಗಲಿಂಗಯ್ಯ ಎಂಬ ಪೇಂಟರ್ ಬಂದಿದ್ದರು. ಅಕ್ಷರಮಾಲೆ, ಆನೆ, ನವಿಲು, ಹಣ್ಣುಗಳು, ಇವೆಲ್ಲ ಅವರ ಕೈಯಲ್ಲಿ ಸರಾಗ. ಆದರೆ ಜೊತೆಗೆ ಬರುತ್ತಿದ್ದ ಆಳು ಬಿಟ್ಟುಹೋಗಿದ್ದ. ಗಂಗಾಂಬಿಕಾ ತಮ್ಮನಿಗೆ ಫೋನ್ ಮಾಡಿದಳು.

"ಅಂಜು, ಬಣ್ಣ ಕಲ್ಸಿಕೊಟ್ಟು, ಏಣಿ ಹಿಡ್ಕಳೋಕೆ ಒಬ್ರು ಬೇಕಂತೆ. ನಾಲ್ಕ್ ದಿನ ಬಂದಿರು."

"ಏಣಿ ನನ್ ಕೈಲಾಗಲ್ಲ ಅಕ್ಕ. ಮೆಟ್ಲು ಕಾಣ್ಸಲ್ಲ."

"ಹತ್ತು ಅಂತ ಯಾರಂದ್ರು? ಹಿಡ್ಕ. ಅಷ್ಟೆ."

ಅವನು ಬಂದ. ನಾಗಲಿಂಗಯ್ಯನವರದು ಅರ್ಧ ಕನ್ನಡ, ಅರ್ಧ ತೆಲುಗು. ಮಾತಿಗಿಂತ ಬೀಡಿ ಹೆಚ್ಚು. ಮೊದಲ ದಿನ ಅವರು ಗೋಡೆಯಿಂದ ಹಿಂದೆ ಸರಿದು, ಕುಂಚವನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ಆನೆಯ ಸೊಂಡಿಲನ್ನು ಅಳೆಯುತ್ತಿದ್ದುದನ್ನು ಅಂಜನ್ ನೋಡುತ್ತಾ ನಿಂತ.

"ಒಂದ್ ಕಣ್ಣು ಯಾಕ್ ಮುಚ್ತೀರ ನಾಗಲಿಂಗಣ್ಣ?"

"ಎರಡೂ ತೆಗೆದ್ರೆ ವಸ್ತು ಗುಂಡಗೆ ಕಾಣ್ತದಪ್ಪಾ. ಗೋಡೆ ಗುಂಡಗಿಲ್ಲ ಕದಾ? ಒಂದ್ ಮುಚ್ಚಿದ್ರೆ ಲೋಕವೇ ಗೋಡೆ ಆಗ್ತದೆ. ಆಮೇಲೆ ಸುಲಭ, ಅದ್ನ ಎತ್ತಿ ಇಲ್ಲಿಡೋದೇ."

ಅವರು ಇವನ ಕಣ್ಣಿನ ಸಂಗತಿ ತಿಳಿಯದೆ ಹೇಳಿದ್ದರು. ಅಂಜನ್ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಶಾಲೆಯ ಹಿಂಭಾಗದ ಗೋಡೆ ಖಾಲಿಯಿತ್ತು. ಮಿಕ್ಕ ಬಣ್ಣದ ಡಬ್ಬಿಗಳನ್ನು ಒಯ್ದು, ಎದುರಿಗೆ ಕಾಣುತ್ತಿದ್ದ ಬೋಳುಗುಡ್ಡವನ್ನು ತನ್ನ ಎಡಗಣ್ಣಿಗೆ ಕಂಡ ಹಾಗೆಯೇ ಗೋಡೆಗೆ ಹಾಕುತ್ತಾ ಹೋದ. ಬಂಡೆಯ ಮೇಲೆ ಮಳೆನೀರು ಇಳಿದು ಆದ ಕಪ್ಪು ಗೀರುಗಳು, ಬಂಡೆಗೂ ಆಕಾಶಕ್ಕೂ ನಡುವೆ ಯಾವ ದೂರವೂ ಇಲ್ಲದ ಆ ಅಂಚು. ಗೆರೆ ಸೊಟ್ಟಗಿತ್ತು, ಬಣ್ಣ ಅಲ್ಲಲ್ಲಿ ಸೋರಿತ್ತು. ನಾಗಲಿಂಗಯ್ಯ ಬಂದು ಅದರ ಮುಂದೆ ನಿಂತರು.

"ಏಮಯ್ಯಾ, ಇದನ್ನ ನಿಂಗ್ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಅಣ್ಣ. ನಂಗೆ ಇಂಗೇ ಕಾಣೋದು," ಎಂದು ಅಂಜನ್ ತನ್ನ ಬಲಗಣ್ಣಿನ ಮುಂದೆ ಕೈಯಾಡಿಸಿ ತೋರಿಸಿದ. ಆ ಕಣ್ಣಿನ ರೆಪ್ಪೆ ಬಡಿಯಲಿಲ್ಲ.

ನಾಗಲಿಂಗಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು. ಆ ಗೋಡೆಯ ಮೇಲೆ ಗ್ರಹಗಳ ಚಿತ್ರ ಬರಬೇಕೆಂದು ಮೊದಲೇ ನಿಗದಿಯಾಗಿತ್ತು. ಮಾರನೆಯ ದಿನ ನಾಗಲಿಂಗಯ್ಯನವರೇ ಗುಡ್ಡದ ಮೇಲೆ ನೀಲಿ ಬಳಿದು ಸೂರ್ಯನನ್ನೂ ಶನಿಯನ್ನೂ ಬರೆದರು. ಅಂಜನ್ ಬಣ್ಣ ಕಲೆಸಿಕೊಟ್ಟ. ಆದರೆ ಶಾಲೆಯ ಕೆಲಸ ಮುಗಿದು ಹೊರಡುವ ಸಂಜೆ ಅವರು, "ನಾಳೆಯಿಂದ ಪಾವಗಡಕ್ಕೆ ಬಾ. ಏಣಿ ಹಿಡಿಯೋಕಲ್ಲ," ಎಂದರು.

ಆಮೇಲಿನ ವರ್ಷಗಳು ಗೋಡೆಗಳ ಮೇಲೆ ಕಳೆದವು. ಪಾವಗಡ, ಹುಲಿಕುಂಟೆ, ಮಧುಗಿರಿ ಎಂದು ಅಂಗಡಿ ಬೋರ್ಡು, ಶಾಲೆ, ಕಲ್ಯಾಣ ಮಂಟಪ, ಆಸ್ಪತ್ರೆಯ ಕಾಂಪೌಂಡು ಎಲ್ಲವನ್ನೂ ಅಂಜನ್ ಬರೆದ. ಕೆಲಸವಿಲ್ಲದಾಗ ಪಾವಗಡದ ಕೋಟೆಬೆಟ್ಟದ ಕೆಳಗೆ ಕೂತು, ಮರದ ಮಿಲ್ಲಿನಲ್ಲಿ ಉಳಿದ ಪ್ಲೈವುಡ್ ತುಂಡುಗಳ ಮೇಲೆ ಬಂಡೆಗಳನ್ನು ಬರೆಯುತ್ತಿದ್ದ. ಕೊರೋನಾ ಬಂದು ಊರೂರು ಬಾಗಿಲು ಹಾಕಿದಾಗ ಐ.ಡಿ.ಹಳ್ಳಿಗೆ ವಾಪಸ್ಸಾಗಿ, ಮನೆಯ ಹಿಂದಿನ ಕೊಟ್ಟಿಗೆಯನ್ನು ಗುಡಿಸಿ ಅಲ್ಲಿ ಕೂತ. ಒಂದು ದಿನ ಒಂದರ ಮೇಲೊಂದು ಬಿದ್ದ ಬಂಡೆಗಳ ಗುಡ್ಡವೊಂದನ್ನು ಬರೆಯುತ್ತಿದ್ದಾಗ ಅವನ ಕುಂಚ ನಿಂತುಬಿಟ್ಟಿತು. ಆ ಬಂಡೆಗಳು ಬೆನ್ನುಗಳಾಗಿದ್ದವು. ಒಬ್ಬ ರೈಡರ್‌ನ ಮೇಲೆ ಇಡೀ ತಂಡ ಬಿದ್ದಾಗ ಆಗುವ ರಾಶಿ ಅದು. ಅಡಿಯಲ್ಲಿ ಉಸಿರು ಕಟ್ಟಿದ ಒಬ್ಬ, ಗೆರೆಯ ಕಡೆ ಚಾಚಿದ ಒಂದು ಕೈ. ಅಂಜನ್ ಬೆವರಿದ. ಕುಂಚವನ್ನು ತೊಳೆದಿಟ್ಟು ಹೊರಗೆ ಹೋದ. ಒಂದು ವಾರ ಆ ಹಲಗೆಯ ಕಡೆ ಬರಲಿಲ್ಲ. ಮತ್ತೆ ಬಂದಾಗ ಅದನ್ನು ಮುಗಿಸಿದ. ಅಲ್ಲಿಂದಾಚೆಗೆ ಅವನು ಬರೆದ ಬಂಡೆಗಳಿಗೆಲ್ಲ ಮೈ ಇರುತ್ತಿತ್ತು, ಮೈಗಳಿಗೆಲ್ಲ ಬಂಡೆಯ ತೂಕವಿರುತ್ತಿತ್ತು.

ಈ ಚಿತ್ರಗಳನ್ನು ಗಂಗಾಂಬಿಕಾ ಫೋನಿನಲ್ಲಿ ತೆಗೆದು ಅವರಿವರಿಗೆ ಕಳಿಸಿದಳು. ಅವು ಹೇಗೋ ಬೆಂಗಳೂರಿನಲ್ಲಿ ಆರ್ಟ್ ಗ್ಯಾಲರಿಯೊಂದನ್ನು ನಡೆಸುವ ಮಾನಸ ಎಂಬಾಕೆಯ ಕಣ್ಣಿಗೆ ಬಿದ್ದವು. ಆಕೆ ಕಾರಿನಲ್ಲಿ ಊರಿಗೆ ಬಂದು, ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕು, ಒಂದೊಂದು ಹಲಗೆಯ ಮುಂದೆಯೂ ಕೂತು ನೋಡಿದಳು. ಒಂದಷ್ಟನ್ನು ಒಯ್ದು ತೋರಿಸಿದಳು. ಅವು ಮಾರಾಟವಾದವು. ಪತ್ರಿಕೆಯವರು ಬಂದರು. "ಹಳೇ ಕಬಡ್ಡಿ ಆಟಗಾರ" ಎಂದು ಅವರು ಬರೆದದ್ದನ್ನು ಪಟಾಲಮ್ಮ ಯಾರ ಕೈಲಾದರೂ ಓದಿಸಿ ಕೇಳುತ್ತಿದ್ದಳು. ಗಂಗಯ್ಯ ಮಾತ್ರ ಕೊಟ್ಟಿಗೆಯ ಬಾಗಿಲ ತನಕ ಬಂದು, ಚೌಕಟ್ಟು ಹಿಡಿದು ನಿಂತು, ಮಗ ಕತ್ತು ಓರೆ ಮಾಡಿ ಕೆಲಸ ಮಾಡುವುದನ್ನು ಒಂದಿಷ್ಟು ಹೊತ್ತು ನೋಡಿ ಹಿಂದಿರುಗುತ್ತಿದ್ದ. ಚಿತ್ರದ ಬಗ್ಗೆ ಒಂದು ಮಾತೂ ಇಲ್ಲ. ಅಪ್ಪನಿಗೆ ತಾನು ಆಟ ಬಿಟ್ಟದ್ದರ ನೋವು ಇನ್ನೂ ಹೋಗಿಲ್ಲ ಎಂದುಕೊಂಡಿದ್ದ ಅಂಜನ್.

ಮುಂದಿನ ಬೇಸಿಗೆಯಲ್ಲಿ ಗಂಗಯ್ಯ ನೀರಿನ ಟ್ಯಾಂಕಿನ ಹತ್ತಿರ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಮಧುಗಿರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಮಾತು ಬಾರದೆಯೇ ತೀರಿಕೊಂಡ. ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ಒಂದು ಮಧ್ಯಾಹ್ನ ಪಟಾಲಮ್ಮ ಬಿತ್ತನೆಯ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದಳು. ಅಂಜನ್ ಎದುರಿಗೆ ಕೂತು ತಾನೂ ಸುಲಿಯತೊಡಗಿದ. ಅವಳು ತನ್ನಷ್ಟಕ್ಕೆ ಗಂಡನ ಮಾತು ತೆಗೆದಳು.

"ಎಲ್ಲಾ ಕಾಣೋದು ನಿಮ್ಮಪ್ಪಂಗೆ. ಹೇಳ್ತಿರ್ಲಿಲ್ಲ ಅಷ್ಟೆ. ನಿನ್ನ ಕಣ್ಣಿಂದೂ ಮೊದ್ಲೇ ಹೇಳಿದ್ದ."

"ಏನ್ ಹೇಳಿದ್ದ?"

"ನೀನು ಸೋತ ಆಟ ಐತಲ್ಲ, ಅದಕ್ಕೆ ಮುಂಚೆ ಇನ್ನೊಂದಾಟ. ಪಂಚಾಯ್ತಿ ತಾವ ನೋಡ್ಕಂಡು ಬಂದೋನು ಉಣ್ಣಲೇ ಇಲ್ಲ. 'ಕೋಳಿ ನೋಡ್ದಂಗೆ ಕತ್ತು ತಿರುಗ್ಸಿ ತಿರುಗ್ಸಿ ನೋಡ್ತಾವ್ನೆ, ಬಲಗಡೆ ಕಾಣ್ತಿಲ್ಲ ಇವ್ನಿಗೆ' ಅಂದ. ಫೋನ್ ಮಾಡಿ ಕೇಳು ಅಂದೆ. 'ಆಟದ್ ನಡುವೆ ಬ್ಯಾಡ, ಮನಸ್ಸು ಕೆಡ್ತೈತೆ, ಮುಗೀಲಿ' ಅಂದ. ಆಮೇಲೆ ಇಂಗಾಯ್ತು."

ಅಂಜನ್‌ನ ಕೈ ನಿಂತಿತು. ಮುಗೀಲಿ ಎಂದು ತಾನೂ ಅಂದಿದ್ದ. ಅದೇ ಮಾತನ್ನು ಅಪ್ಪ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದನೇ ಎನಿಸಿತು. ಅಪ್ಪನ ಮೇಲೆ ಸಿಟ್ಟು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಅಳು ಬಂತು. ಪಟಾಲಮ್ಮ ಕಡ್ಲೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಮಗನ ತಲೆ ಹಿಡಿದುಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಶಿರಾದ ಬಸ್ಸು ಹತ್ತಿದ.

ಅಂಜನ್‌ನ ಕಣ್ಣು ಹೋದ ಮುಂದಿನ ವರ್ಷವೇ ಮಲ್ಲೇಶ್ ಲೀಗ್ ಬಿಟ್ಟಿದ್ದ. ಹೆದ್ದಾರಿಯ ಬದಿಯಲ್ಲಿ ಲಾರಿ ಟೈರುಗಳ ಅಂಗಡಿ ಇಟ್ಟುಕೊಂಡಿದ್ದಾನೆಂದು ಯಾರೋ ಹೇಳಿದ್ದರು. ಪಕ್ಕದ ಚಹಾದಂಗಡಿಯವನನ್ನು ಕೇಳಿದಾಗ, "ಉಸ್ತಾದ್ ಒಳಗೇ ಅವ್ರೆ ಭಾಯ್, ಹೋಗಿ," ಎಂದ. ಟೈರುಗಳ ಗೋಪುರದ ಹಿಂದಿನಿಂದ ಹೊಟ್ಟೆ ಬೆಳೆದ, ಕೈಯೆಲ್ಲ ಮಸಿಯಾದ ಒಬ್ಬ ಎದ್ದು ಬಂದ. ಅಂಜನ್‌ನನ್ನು ನೋಡಿ ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ನೆಲಕ್ಕಿಟ್ಟ.

ಇಬ್ಬರೂ ಟೈರುಗಳ ಮೇಲೆ ಕೂತರು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಅಪ್ಪ ತೀರ್ಕಂಡ್ರಂತೆ," ಎಂದ ಮಲ್ಲೇಶ್. "ಬರ್ಬೇಕು ಅಂತ ಗಾಡಿ ತೆಗ್ದೆ. ಮಧುಗಿರಿ ತಂಕ ಬಂದು ವಾಪಸ್ ಹೋದೆ."

ಅಂಜನ್ ತಲೆಯಾಡಿಸಿದ.

"ಕೋಚ್‌ಗೆ ಹೇಳ್ಬೇಕಾಗಿತ್ತು ಕಣ್ಲಾ ನಾನು. ನೀನು ಆಣೆ ಹಾಕುಸ್ದೆ, ಸರಿ. ಆದ್ರೂ ಹೇಳ್ಬೇಕಾಗಿತ್ತು."

"ಹೇಳಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ ನಾನು."

"ಹೇಳ್ದೆ ಇದ್ದಿದ್ಕೆ ನೋಡ್ದೇನೋ ಇಷ್ಟ್ ವರ್ಷ?"

ಅಂಜನ್ ಅದಕ್ಕೆ ಅಪ್ಪನ ಸಂಗತಿ ತೆಗೆದ. ತಾಯಿ ಹೇಳಿದ್ದನ್ನು ಹೇಳಿದ. "ಅಪ್ಪನ್ ಮೇಲೆ ನಂಗೆ ಕೋಪ ಬರ್ಲಿಲ್ಲ ಮಲ್ಲೇಶ. ನಿನ್ ಮೇಲೆ ಮಾತ್ರ ಯಾಕ್ ಮಡಿಕ್ಕಂಡಿದ್ದೆ ಅಂತ ಬಸ್ಸಲ್ಲಿ ಯೋಚ್ನೆ ಮಾಡ್ಕಂಡ್ ಬಂದೆ. ಆಡ್ಲೇಬೇಕು ಅಂದೋನು ನಾನು. ನನ್ ಮೇಲೆ ಮಡಿಕ್ಕಳಾಕಾಗದೆ ನಿನ್ ತಲೆ ಮೇಲೆ ಹಾಕ್ಬುಟ್ಟೆ."

ಮಲ್ಲೇಶ್ ಮಸಿಗೈಯಿಂದಲೇ ಮುಖ ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು. ಚಹಾ ತರಿಸಿದ. ಕುಡಿದು ಲೋಟ ಕೆಳಗಿಟ್ಟ ಮೇಲೆ ಅಂಜನ್ ಕೇಳಿದ:

"ನಿನ್ನ ಚಿತ್ರ ಬರೀಬೇಕು. ನಿಂತ್ಕಂತೀಯಾ?"

"ನನ್ನನ್ನಾ? ಈ ಹೊಟ್ಟೆ ಹಾಕ್ಕಂಡಾ?"

"ಹೊಟ್ಟೆ ಸಮೇತ."

"ಆ ಮೊಣಕಾಲೂ ಬರೀತೀಯಾ?"

"ಬರೀತೀನಿ."

ಮಲ್ಲೇಶ್ ಖಾಲಿ ಲೋಟಗಳನ್ನು ಎತ್ತಿಕೊಂಡ. "ಭಾನುವಾರ ಅಂಗಡಿ ಮುಚ್ಚಿರ್ತದೆ, ಬಾ," ಎಂದ.

ಮಳೆಗಾಲ ಮುಗಿಯುವ ತನಕ ಅಂಜನ್ ಭಾನುವಾರಗಳಂದು ಶಿರಾಕ್ಕೆ ಹೋದ. ಅಂಗಡಿಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಮಲ್ಲೇಶ್ ನುಗ್ಗುವವನ ಭಂಗಿಯಲ್ಲಿ, ಮೊಣಕಾಲು ಮುಂದೆತ್ತಿ ನಿಲ್ಲುತ್ತಿದ್ದ. ಕಾಲು ಬೇಗ ಸೋಲುತ್ತಿತ್ತು. ಜಂತಿಯಿಂದ ಹಗ್ಗ ಇಳಿಬಿಟ್ಟು ಅದನ್ನು ಹಿಡಿದುಕೊಂಡ. ಅಂಜನ್ ಆ ಹಗ್ಗವನ್ನೂ ಬರೆದ. ಮೊದಲ ಬಾರಿಗೆ ಅವನು ಹಲಗೆ ಬಿಟ್ಟು ದೊಡ್ಡ ಕ್ಯಾನ್ವಾಸಿನ ಮೇಲೆ ಕೆಲಸ ಮಾಡಿದ. ಚಿತ್ರದಲ್ಲಿದ್ದದ್ದು ಒಬ್ಬ ದಪ್ಪ ಮನುಷ್ಯ, ಮಸಿಯಾದ ಬನಿಯನ್, ಹಗ್ಗ ಹಿಡಿದ ಕೈ, ಎತ್ತಿದ ಮೊಣಕಾಲು. ಅವನ ಎದುರಿಗೆ ಯಾರೂ ಇರಲಿಲ್ಲ. ಅವನ ಮುಖ ಮಾತ್ರ, ಪೆಟ್ಟು ಕೊಟ್ಟವನದೋ ತಿಂದವನದೋ ಹೇಳುವಂತಿರಲಿಲ್ಲ.

ಬೆಂಗಳೂರಿನಲ್ಲಿ ಮಾನಸ ಏರ್ಪಡಿಸಿದ ಅಂಜನ್‌ನ ದೊಡ್ಡ ಪ್ರದರ್ಶನದಲ್ಲಿ ಜನ ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆಯೇ. ನಾಗಲಿಂಗಯ್ಯ ಒಗೆದ ಪಂಚೆಯುಟ್ಟು ಬಂದು, ಒಂದು ಕಣ್ಣು ಮುಚ್ಚಿ ನೋಡಿ, "ಬಾಗುಂದಿ," ಎಂದು ತಮ್ಮ ತೆಲುಗಿನಲ್ಲಿ ಮೆಚ್ಚಿ ಕುರ್ಚಿಯಲ್ಲಿ ಕೂತರು. ಮಲ್ಲೇಶ್ ಹೆಂಡತಿಯ ಜೊತೆ ಬಂದಿದ್ದ. ತನ್ನ ಮುಂದೆ ತಾನೇ ನಿಂತು, ಯಾರಾದರೂ ಗುರುತು ಹಿಡಿಯುತ್ತಾರೆನಿಸಿ ಬಾಗಿಲ ಕಡೆ ಸರಿದ. ಆ ಚಿತ್ರವನ್ನು ಚೆನ್ನೈನ ಒಂದು ವಸ್ತುಸಂಗ್ರಹಾಲಯದವರು ಕೊಂಡರು. ಆ ವರ್ಷ ಅಂಜನ್‌ಗೆ ರಾಜ್ಯಮಟ್ಟದ ಒಂದು ಬಹುಮಾನವೂ ಬಂತು. ಪ್ರಶಸ್ತಿ ಫಲಕವನ್ನು ಪಟಾಲಮ್ಮ ಗಂಡನ ಪಟದ ಪಕ್ಕ ಇಟ್ಟಳು.

"ಚೆನ್ನೈಗೆ ನಾನೇ ಇನ್ನೂ ಹೋಗಿಲ್ಲ ಕಣ್ಲಾ," ಎಂದ ಮಲ್ಲೇಶ್, ಸುದ್ದಿ ಕೇಳಿದಾಗ. 

ಅಂಜನ್ ಈಗ ಮಧುಗಿರಿಯಲ್ಲಿ ಹಳೆಯ ಹುಣಸೆಹಣ್ಣಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದಿದ್ದಾನೆ. ಕಿಟಕಿ ತೆರೆದರೆ ಏಕಶಿಲೆಯ ಬೆಟ್ಟ ಪೂರ್ತಿ ಒಳಗೆ ಬರುತ್ತದೆ. ನಾಗಲಿಂಗಯ್ಯನವರ ಕೈ ಈಗ ನಡುಗುತ್ತದೆ. ವಾರಕ್ಕೊಮ್ಮೆ ಪಾವಗಡದ ಬಸ್ಸಿಗೆ ಬಂದು ಸುಮ್ಮನೆ ಕೂತು ಹೋಗುತ್ತಾರೆ. ಉಳಿದ ಎಡಗಣ್ಣಿನ ಒಳಪದರವೂ ಒಂದು ಕಡೆ ತೆಳುವಾಗಿದೆ, ಎಚ್ಚರದಿಂದಿರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಆಗಾಗ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರಬೇಕು. ಕರೆದುಕೊಂಡು ಹೋಗುವವನು ಮಲ್ಲೇಶ್. ಅಂಗಡಿ ಮುಚ್ಚಿ, ಶಿರಾದಿಂದ ಗಾಡಿ ತಂದು, ಗೋದಾಮಿನ ಮುಂದೆ ಹಾರ್ನ್ ಮಾಡುತ್ತಾನೆ. ಕಣ್ಣಿಗೆ ಔಷಧಿ ಬಿಟ್ಟು ಒಳಗೆ ಕರೆಯುವ ತನಕ ಇಬ್ಬರೂ ಬೆಂಚಿನ ಮೇಲೆ ಕೂತಿರುತ್ತಾರೆ. ಅಂಜನ್ ಒಳಗೆ ಹೋದರೆ ಮಲ್ಲೇಶ್ ಎದ್ದು ನಿಂತವನು ಮತ್ತೆ ಕೂರುವುದಿಲ್ಲ. ಬಾಗಿಲು ತೆರೆದು ಅಂಜನ್ ಹೊರಬಂದಾಗ ಏನಾಯಿತೆಂದು ಕೇಳುವ ಧೈರ್ಯವಿಲ್ಲದೆ ಹಿಂದೆ ಬಾಗಿಲಲ್ಲಿ ನಿಂತ ಡಾಕ್ಟರ ಮುಖವನ್ನೇ ನೋಡುತ್ತಾನೆ. ಔಷಧಿಯಿಂದ ಎಲ್ಲವೂ ಮಂಜಾಗಿ ಕಾಣುತ್ತಿರುವಾಗಲೇ ಅಂಜನ್ ಅವನ ತೋಳು ಹುಡುಕಿ ಹಿಡಿದು, "ನಡಿ, ಸರಿಯಾಗೈತಂತೆ," ಎನ್ನುತ್ತಾನೆ. ಮೆಟ್ಟಿಲು ಬಂದಾಗಲೆಲ್ಲ ಮಲ್ಲೇಶ್ "ಮೆಟ್ಲು" ಎಂದು ಹೇಳುತ್ತಾ ಅವನನ್ನು ಗಾಡಿಯ ತನಕ ಕರೆದೊಯ್ಯುತ್ತಾನೆ.